ಕಂಡದ್ದನ್ನೇ ಬರೆಯೋಣ

ಆಲ್ಡಿಹೈಡ್ ಗುರುತಿಸುವ ಪ್ರಯೋಗದ ದಿನ ಟೆಸ್ಟ್ ಟ್ಯೂಬ್ ಬಿಸಿಯಾಗುವ ಮೊದಲೇ ನಮ್ಮಲ್ಲಿ ಅನೇಕರ ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಬೆಳ್ಳಿಯ ಕನ್ನಡಿ ಮೂಡಿತು, ಕೆಂಪು ಪ್ರಕ್ಷೇಪ ಬಂತು, ಆಲ್ಡಿಹೈಡ್ ಖಚಿತ.’ ಹಿಂದಿನ ವರ್ಷದ ರೆಕಾರ್ಡಿನಿಂದ ಇಳಿಸಿಕೊಂಡ ಸಾಲು ಇದು. ಈ ಅಭ್ಯಾಸ ನಿಲ್ಲಬೇಕು.

2,4-ಡಿಎನ್‌ಪಿ ಹಾಕಿದಾಗ ಹಳದಿ ಅಥವಾ ಕಿತ್ತಳೆ ಪ್ರಕ್ಷೇಪ ಬಂದರೆ ಕಾರ್ಬೊನಿಲ್ ಗುಂಪು ಇದೆ ಎಂದಷ್ಟೇ ತಿಳಿಯುತ್ತದೆ. ಅದು ಆಲ್ಡಿಹೈಡೋ ಕೀಟೋನೋ ಗೊತ್ತಾಗುವುದಿಲ್ಲ. ಆಲ್ಡಿಹೈಡ್ ಸುಲಭವಾಗಿ ಉತ್ಕರ್ಷಣಗೊಳ್ಳುತ್ತದೆ. ಆದ್ದರಿಂದ ಟಾಲೆನ್ಸ್ ಕಾರಕದ ಬೆಳ್ಳಿ ಅಯಾನು ಲೋಹವಾಗಿ ಗಾಜಿಗೆ ಅಂಟುತ್ತದೆ, ಫೆಹ್ಲಿಂಗ್ ದ್ರಾವಣದ ನೀಲಿ ಹೋಗಿ ಇಟ್ಟಿಗೆ ಕೆಂಪಿನ ಕ್ಯುಪ್ರಸ್ ಆಕ್ಸೈಡ್ ಬೀಳುತ್ತದೆ.

ಆದರೆ ಬೆಂಜಾಲ್ಡಿಹೈಡ್ ಕೊಟ್ಟರೆ? ಕನ್ನಡಿ ಮೂಡುತ್ತದೆ, ಫೆಹ್ಲಿಂಗ್ ಮಾತ್ರ ನೀಲಿಯಾಗಿಯೇ ಉಳಿಯುತ್ತದೆ. ಅಲ್ಲಿ ‘ಕೆಂಪು’ ಎಂದು ಬರೆದವರು ಸುಳ್ಳು ಬರೆದದ್ದಷ್ಟೇ ಅಲ್ಲ, ಇದು ಆರೊಮ್ಯಾಟಿಕ್ ಆಲ್ಡಿಹೈಡ್ ಎಂಬ ಸುಳಿವನ್ನೂ ಕಳೆದುಕೊಂಡರು. ಫ್ರಕ್ಟೋಸ್ ಕೀಟೋನ್ ಆಗಿದ್ದರೂ ಕ್ಷಾರದಲ್ಲಿ ರೂಪ ಬದಲಿಸಿ ಕನ್ನಡಿ ಕೊಡುತ್ತದೆ. ಟ್ಯೂಬ್ ಕೊಳೆಯಾಗಿದ್ದರೆ ಕನ್ನಡಿಯ ಬದಲು ಕಪ್ಪು ಪುಡಿ ಬರುತ್ತದೆ. ಆಗ ‘ಕಪ್ಪು ಪುಡಿ’ ಎಂದು ಬರೆಯುವುದೇ ಸರಿ.

ಇನ್ನೊಂದು ಮಾತು. ಟಾಲೆನ್ಸ್ ಕಾರಕವನ್ನು ಆಗಲೇ ತಯಾರಿಸಿ, ಆಗಲೇ ಬಳಸಿ, ಉಳಿದದ್ದನ್ನು ಆಮ್ಲ ಸೇರಿಸಿ ಚೆಲ್ಲಬೇಕು. ಹಾಗೇ ಇಟ್ಟರೆ ಸಿಡಿಯುವ ವಸ್ತು ಉಂಟಾಗಬಹುದು. ನಕಲು ಮಾಡಿದ ಸಾಲು ಇದನ್ನು ಕಲಿಸುವುದಿಲ್ಲ.

‘ನಿರೀಕ್ಷಿತ ಉತ್ತರ ಬರೆಯದಿದ್ದರೆ ಅಂಕ ಹೋಗುತ್ತದೆ’ ಎಂದು ಗೆಳೆಯರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಆದ್ದರಿಂದ ಉಪನ್ಯಾಸಕರಲ್ಲಿ ಎರಡು ವಿನಂತಿ: ಹೆಸರಿಲ್ಲದೆ ಬರೀ ಸಂಖ್ಯೆ ಅಂಟಿಸಿದ ಬಾಟಲಿ ಕೊಡಿ, ಕಾಲೇಜಿನ ಒಳ ಪರೀಕ್ಷೆಗಳಲ್ಲಾದರೂ ವೀಕ್ಷಣೆಗೂ ತೀರ್ಮಾನಕ್ಕೂ ಬೇರೆ ಬೇರೆ ಅಂಕ ಇಡಿ.

ನಮ್ಮಲ್ಲಿ ಕೆಲವರು ನಾಳೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವರು. ಮೂತ್ರದಲ್ಲಿ ಸಕ್ಕರೆ ನೋಡುವ ಬೆನೆಡಿಕ್ಟ್ ಪರೀಕ್ಷೆಯದೂ ಇದೇ ತತ್ವ: ನೀಲಿ, ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. ಅಲ್ಲಿ ಕಾಣದ ಬಣ್ಣವನ್ನು ಬರೆದರೆ ನಷ್ಟವಾಗುವುದು ಅಂಕವಲ್ಲ, ಯಾರದೋ ಆರೋಗ್ಯ. ಕಂಡದ್ದನ್ನೇ ಬರೆಯುವ ರೂಢಿ ಈಗಲೇ ಆಗಲಿ.