ಚೀನಾದ ದತ್ತಕ ನಿಲುಗಡೆ: ಕೊಟ್ಟ ಮಾತಿನ ಗತಿಯೇನು?

ವಿದೇಶೀಯರಿಗೆ ಮಕ್ಕಳನ್ನು ದತ್ತು ಕೊಡುವ ಪದ್ಧತಿಯನ್ನು ಚೀನಾ ಸರಕಾರವು 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಮಲಮಕ್ಕಳಿಗೂ ಹತ್ತಿರದ ರಕ್ತಸಂಬಂಧದ ಮಕ್ಕಳಿಗೂ ಮಾತ್ರ ವಿನಾಯಿತಿಯುಂಟು.

1992ರಲ್ಲಿ ಆರಂಭವಾದ ಈ ಪದ್ಧತಿಯಿಂದ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಕ್ಕಳು ಹೊರನಾಡುಗಳನ್ನು ಸೇರಿದರು. ಸುಮಾರು ಅರ್ಧದಷ್ಟು ಮಂದಿ ಅಮೇರಿಕೆಗೆ ಹೋದರು. 'ಮನೆಗೊಂದೇ ಮಗು' ಎಂಬ ಕಟ್ಟಳೆಯ ಕಾಲದಲ್ಲಿ ಹೆತ್ತವರಿಂದ ದೂರವಾದ ಹೆಣ್ಣುಮಕ್ಕಳೇ ಅವರಲ್ಲಿ ಬಹುಪಾಲು. ಮಗುವಿನ ವೀಸಾಕ್ಕಾಗಿ ಅಮೇರಿಕದ ದಂಪತಿಗಳು ಗ್ವಾಂಗ್‌ಜೋ ನಗರಕ್ಕೆ ಬರಬೇಕಾಗಿತ್ತು. ಅಲ್ಲಿನ ವೈಟ್ ಸ್ವಾನ್ ಹೋಟೆಲು ಇಂಥವರ ತಂಗುದಾಣವೆಂದೇ ಹೆಸರಾಗಿತ್ತು. ಊರಿನಿಂದ ಇಬ್ಬರಾಗಿ ಹೊರಟವರು ಮೂವರಾಗಿ ಅಲ್ಲಿ ಇಳಿದುಕೊಳ್ಳುತ್ತಿದ್ದರು. ಹೋಟೆಲಿನ ಕೆಲಸ ಬಲ್ಲ ನಮ್ಮ ವಾಚಕರಿಗೆ ಆ ಸಂಭ್ರಮವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ತನ್ನ ಮಕ್ಕಳನ್ನು ತಾನೇ ಸಾಕುವೆನೆಂದು ರಾಷ್ಟ್ರವೊಂದು ಹೇಳಿದರೆ ಅದನ್ನು ನಾವು ತಪ್ಪೆನ್ನಲಾರೆವು. 1993ರ ಹೇಗ್ ಒಪ್ಪಂದವೂ ತಾಯ್ನಾಡಿನ ಮನೆಗೇ ಮೊದಲ ಮಣೆ ಹಾಕಿದೆ. ಆದರೆ 2020ರಲ್ಲಿ ಕೋವಿಡ್ ಪಿಡುಗು ಪ್ರಯಾಣವನ್ನು ತಡೆಯುವ ಮೊದಲೇ ನೂರಾರು ಮಕ್ಕಳಿಗೆ ಅಮೇರಿಕದಲ್ಲಿ ಮನೆಗಳು ಗೊತ್ತಾಗಿದ್ದವು. ಅವರಲ್ಲಿ ಅನೇಕರು ಅಂಗವಿಕಲರು, ಚಿಕಿತ್ಸೆ ಬೇಕಾದವರು. ಅವರ ಕಡತಗಳನ್ನೂ ಸರಕಾರವು ಮುಚ್ಚಿತು.

ಇನ್ನು ಮುಂದೆ ಕೊಡೆನೆನ್ನುವುದು ಒಂದು ಮಾತು. ಗೊತ್ತುಮಾಡಿದ ಮನೆಯನ್ನು ತಪ್ಪಿಸುವುದು ಇನ್ನೊಂದು. ಆ ಕೆಲವು ನೂರು ಮಕ್ಕಳನ್ನಾದರೂ ಕಳುಹಿಸಿಕೊಟ್ಟು ಅನಂತರ ಬಾಗಿಲನ್ನು ಮುಚ್ಚಿದ್ದರೆ ಚೀನಾದ ಗೌರವಕ್ಕೆ ಕುಂದು ಬರುತ್ತಿರಲಿಲ್ಲವೆಂಬುದು ನಮ್ಮ ಅಭಿಮತ. ಕಳುಹಿಸದ ಮೇಲೆ, ಅವರಲ್ಲಿ ಒಬ್ಬೊಬ್ಬರಿಗೂ ಸ್ವದೇಶದಲ್ಲಿ ಮನೆಯೊಂದನ್ನು ದೊರಕಿಸಿಕೊಡುವ ಹೊಣೆ ಆ ಸರಕಾರದ ಮೇಲಿದೆ. ಅನಾಥಾಲಯದಲ್ಲಿ ಮಗುವಿನ ಬಾಲ್ಯವು ಯಾರ ಆಜ್ಞೆಗೂ ಕಾದು ನಿಲ್ಲದು.