ಮಾಲಿಗೆ ಮುಚ್ಚಳ, ನಮ್ಮ ಹುಡುಗರಿಗೆ ಬೈಗುಳ

ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಸರ್ವರ್ ತಪ್ಪಿ ರೀಬೂಟ್ ಆದ ಮಾರನೇ ದಿನ ಆಫೀಸಿನಲ್ಲಿ ನಡೆಯೋದು ಒಂದೇ ನಾಟಕ. ನೈಟ್ ಶಿಫ್ಟ್ ಹುಡುಗನನ್ನು ನಿಲ್ಲಿಸಿ "ನೋಡ್ಕೊಂಡು ಟೈಪ್ ಮಾಡಕ್ಕಾಗಲ್ವಾ?" ಅಂತ ಉಗಿಯೋದು, ಆಮೇಲೆ "ಎಲ್ಲರೂ ಎಚ್ಚರಿಕೆಯಿಂದಿರಿ" ಅಂತ ಒಂದು ಮೇಲ್ ಹಾಕೋದು. ಮುಗೀತು! ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ, ಈ ಮೇಲ್ ಒಂದು ಸರ್ವರನ್ನೂ ಕಾಪಾಡಿಲ್ಲ.

ಬಾವಿಗೆ ಕಟ್ಟೆ ಕಟ್ಟದೆ, ಬಿದ್ದವನಿಗೆ "ಕಣ್ಣು ಕಾಣಲ್ವಾ" ಅಂತ ಕೇಳಿದ ಹಾಗಾಯ್ತು. ಆ ಹುಡುಗನ ಮುಂದೆ ಹತ್ತು ಟರ್ಮಿನಲ್ ತೆರೆದಿರುತ್ತವೆ. ಒಂದು ಅವನ ಲ್ಯಾಪ್‌ಟಾಪ್, ಒಂದು ಟೆಸ್ಟ್ ಮೆಷಿನ್, ಇನ್ನೊಂದು ಲೈವ್ ಸರ್ವರ್. ನೋಡೋಕೆ ಎಲ್ಲಾ ಒಂದೇ ಥರ. ರೂಟ್ ಆಗಿ 'ರೀಬೂಟ್' ಅಂತ ಹೊಡೆದರೆ ಯೂನಿಕ್ಸ್ ಸಾಮಾನ್ಯವಾಗಿ ಮರುಪ್ರಶ್ನೆ ಕೇಳೋದಿಲ್ಲ.

"ಹಾಗಾದ್ರೆ ಹೌದು-ಇಲ್ಲ ಅಂತ ಕೇಳೋ ಹಾಗೆ ಮಾಡಿ" ಅಂತೀರಾ? ಅದೂ ದಂಡ. ನಾಲ್ಕು ದಿನದಲ್ಲಿ 'ವೈ' ಒತ್ತೋದು ಬೆರಳಿಗೆ ಅಭ್ಯಾಸವಾಗಿಬಿಡುತ್ತೆ. ಕೇಳಬೇಕಾದ್ದು, "ನೀನೀಗ ಯಾವ ಮೆಷಿನ್‌ನಲ್ಲಿದ್ದೀಯಪ್ಪಾ?" ಅಂತ. ಡೆಬಿಯನ್, ಉಬುಂಟುಗಳಲ್ಲಿ ಪುಕ್ಕಟೆ ಸಿಗೋ ಮಾಲಿ-ಗಾರ್ಡ್ ಮಾಡೋದು ಇದನ್ನೇ. ಎಸ್‌ಎಸ್‌ಎಚ್‌ನಲ್ಲಿ ಬಂದವರು ರೀಬೂಟ್, ಶಟ್‌ಡೌನ್ ಹೊಡೆದರೆ ಮೆಷಿನ್ ಹೆಸರು ಟೈಪ್ ಮಾಡಬೇಕು. ಹೆಸರು ತಪ್ಪಿದರೆ ಕಮಾಂಡ್ ಅಲ್ಲೇ ರದ್ದು.

ಮಾಲಿ ಯಾರು ಗೊತ್ತಾ? ಒಬ್ಬ ಪ್ರೋಗ್ರಾಮರನ ಪುಟ್ಟ ಮಗಳು. ಐಬಿಎಂ 4341 ಮೇನ್‌ಫ್ರೇಮಿನ ದೊಡ್ಡ ಕೆಂಪು ಸ್ವಿಚ್ಚನ್ನು ಒಂದೇ ದಿನ ಎರಡು ಸಲ ಒತ್ತಿಬಿಟ್ಟಳಂತೆ. ಅವರು ಮಗುವಿಗೆ ಮೆಮೋ ಕೊಡಲಿಲ್ಲ ಸ್ವಾಮಿ, ಸ್ವಿಚ್ಚಿಗೆ ಮುಚ್ಚಳ ಹಾಕಿದರು!

2014ರ ಮೇ 27ರಂದು ಅಮೆರಿಕದ ಜಾಯೆಂಟ್ ಕ್ಲೌಡ್ ಕಂಪನಿಯ ಆಪರೇಟರೊಬ್ಬರು ಕೆಲವೇ ಮೆಷಿನ್ ರೀಬೂಟ್ ಮಾಡಲು ಹೋಗಿ, ಒಂದು ಡೇಟಾ ಸೆಂಟರಿನಲ್ಲಿದ್ದ ಎಲ್ಲವನ್ನೂ ಒಟ್ಟಿಗೇ ರೀಬೂಟ್ ಮಾಡಿದರು. ತಮ್ಮ ಟೂಲ್‌ನಲ್ಲೇ ತಕ್ಕ ತಡೆ ಇರಲಿಲ್ಲ ಅಂತ ಕಂಪನಿ ಬಹಿರಂಗವಾಗಿ ಒಪ್ಪಿಕೊಂಡಿತು. ನಮ್ಮ ಕಡೆ ಯಾವ ಮ್ಯಾನೇಜರ್ ಹಾಗೆ ಬರೆದಾನು, ಹೇಳಿ?

"ಯೂನಿಕ್ಸ್ ಬಲ್ಲವರಿಗೆ ಇದೆಲ್ಲಾ ಯಾಕೆ?" ಅನ್ನೋ ಹಿರಿಯರೇ, ಬಲ್ಲವರ ಕೈಗೇ ವೇಗ ಜಾಸ್ತಿ. ಯೋಚನೆ ಬರೋದರೊಳಗೆ ಎಂಟರ್ ಬಿದ್ದಿರುತ್ತೆ.

ಮೇಲ್ ಬರೆಯೋ ಹೊತ್ತಿನಲ್ಲಿ ಆ ಪ್ಯಾಕೇಜ್ ಹಾಕಿಸಿ. ಲೈವ್ ಸರ್ವರಿನ ಪ್ರಾಂಪ್ಟ್‌ಗೆ ಕೆಂಪು ಬಣ್ಣ ಕೊಡಿಸಿ. ಶಟ್‌ಡೌನಿಗೆ ಐದು ನಿಮಿಷದ ಗಡುವು ಇಡೋ ರೂಢಿ ಮಾಡಿಸಿ, ತಪ್ಪು ಗೊತ್ತಾದರೆ ರದ್ದು ಮಾಡಬಹುದು. ಇಷ್ಟೆಲ್ಲಾ ಮಾಡಿದ ಮೇಲೂ ರೀಬೂಟ್ ಆದರೆ, ಆಗ ಬೈಯೋಣಂತೆ.