ಆಕಸ್ಮಿಕವೆಂಬ ಮಾತು

2025ರ ನವೆಂಬರ್ ತಿಂಗಳಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದ ಹೆಸರು ನಾಡಿನ ಎಲ್ಲರ ಬಾಯಲ್ಲಿಯೂ ಇದ್ದಿತು. ಟನ್ನು ಕಬ್ಬಿಗೆ 3,500 ರೂಪಾಯಿ ದೊರೆಯಬೇಕೆಂದು ರೈತರು ಅಲ್ಲಿ ಹಗಲಿರುಳು ಕುಳಿತರು. ಸರಕಾರವು 3,300 ರೂಪಾಯಿಯ ಸೂತ್ರವನ್ನು ಮುಂದಿಟ್ಟ ಮೇಲೆ ಚಳುವಳಿ ಶಮನಗೊಂಡಿತು, ಚಿಮಣಿಗಳು ಹೊಗೆಯಾಡತೊಡಗಿದವು. ಅದೇ ತಿಂಗಳ 21ರಂದು ದೇಶದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಜಾರಿಗೆ ಬಂದಿತು. ಮೊದಲನೆಯ ಸುದ್ದಿ ಮನೆಮನೆಯ ಮಾತಾಯಿತು. ಎರಡನೆಯದು ಬಂದ ಸದ್ದೇ ಅನೇಕರಿಗೆ ಕೇಳಿಸಲಿಲ್ಲ. ಕಬ್ಬಿನ ಬೆಲೆಯನ್ನು ಕುರಿತು ಇಷ್ಟು ಚರ್ಚಿಸಿದ ನಾವು, ಆ ಕಬ್ಬನ್ನು ನುರಿಸುವ ಕೈಗಳ ಕ್ಷೇಮವನ್ನು ಕುರಿತು ಒಂದಿಷ್ಟು ಯೋಚಿಸಬೇಡವೆ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆಗೆ ಯಂತ್ರವು ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಘಟಪ್ರಭೆಯ ಧುಮ್ಮಿಕ್ಕುವ ನೀರಿನ ಬಲದಿಂದ ಗೋಕಾಕ ಜಲಪಾತದ ನೂಲಿನ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ತಿರುಗತೊಡಗಿತು. ದೇಶದ ಮೊದಲ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲೊಂದು 1969ರಲ್ಲಿ ಹುಕ್ಕೇರಿಯಲ್ಲಿ ಹುಟ್ಟಿತು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಮೊದಲಾಗಿ, ಕಬ್ಬನ್ನು ನುರಿಸುವ ದೊಡ್ಡ ಕಾರ್ಖಾನೆಗಳೂ ಬೆಲ್ಲದ ಗಾಣಗಳೂ ಈ ಭಾಗದ ಬದುಕನ್ನೇ ರೂಪಿಸಿವೆ. ಯಂತ್ರದೊಡನೆ ಇಷ್ಟು ದೀರ್ಘಕಾಲದ ನಂಟುಳ್ಳ ನಾವು ಅದರ ಅಪಾಯದೊಡನೆ ನಡೆದುಕೊಳ್ಳುವ ವಿವೇಕವನ್ನೂ ಅಷ್ಟೇ ಬೆಳೆಸಿಕೊಂಡಿದ್ದೇವೆಯೆ?

ಕನ್ನಡ ಕಲಿಸುವವನಿಗೆ ಯಂತ್ರದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನನ್ನನ್ನು ಇತ್ತ ಎಳೆದುದು ಒಂದು ಶಬ್ದ. ಕಾರ್ಖಾನೆಯಲ್ಲಿ ಯಾರಾದರೂ ಸತ್ತಾಗ ನಾವು 'ಆಕಸ್ಮಿಕ' ಎನ್ನುತ್ತೇವೆ. 'ಕಸ್ಮಾತ್' ಎಂದರೆ ಯಾವುದರಿಂದ, ಏತಕ್ಕೆ ಎಂದು ಅರ್ಥ. 'ಅಕಸ್ಮಾತ್' ಎಂದರೆ ಹಾಗೆ ಕೇಳಲು ಎಡೆಯಿಲ್ಲದುದು, ಕಾರಣವಿಲ್ಲದುದು. ಹೀಗೆ ಸಾವಿನ ಸುದ್ದಿಯನ್ನು ಹೇಳುವ ಮಾತಿನಲ್ಲಿಯೇ ನಾವು ಪ್ರಶ್ನೆಯ ಬಾಯನ್ನು ಕಟ್ಟಿಬಿಡುತ್ತೇವೆ. ಉಳಿದುದು ಪರಿಹಾರದ ಹಣ, ಎರಡು ದಿನದ ಶೋಕ, ಮತ್ತೆ ಎಂದಿನ ಸದ್ದು.

2018ರ ಡಿಸೆಂಬರಿನಲ್ಲಿ ನೆರೆಯ ಮುಧೋಳ ತಾಲೂಕಿನ ಕುಳಲಿಯ ಬಳಿ ಡಿಸ್ಟಿಲರಿಯೊಂದರ ತ್ಯಾಜ್ಯ ಸಂಸ್ಕರಣದ ಘಟಕ ಸ್ಫೋಟಗೊಂಡು ಕಾರ್ಮಿಕರು ಪ್ರಾಣ ತೆತ್ತರು. 2023ರ ಡಿಸೆಂಬರಿನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಮಂದಿ ಅದರಡಿಯಲ್ಲಿ ಹೂತುಹೋದರು. ಕೊಳೆಯುವ ತ್ಯಾಜ್ಯದಿಂದ ಉರಿಯುವ ಅನಿಲ ಹುಟ್ಟುವುದು ನಿಸರ್ಗದ ನಿಯಮ. ಧಾನ್ಯದ ಭಾರವೂ ಅದನ್ನು ಹೊರುವ ಕಟ್ಟಡದ ಬಲವೂ ಲೆಕ್ಕಕ್ಕೆ ಸಿಗುವ ಸಂಗತಿಗಳು. ಇವುಗಳಲ್ಲಿ ಆಕಸ್ಮಿಕವೆನ್ನುವಂತಹುದು ಏನಿದೆ?

ಸಕ್ಕರೆ ಕಾರ್ಖಾನೆಯ ಹೃದಯವಾದ ಬಾಯ್ಲರನ್ನೇ ನೋಡಿರಿ. ಕಬ್ಬಿನ ಸಿಪ್ಪೆಯನ್ನು ಉರಿಸಿ ಅದು ನೀರನ್ನು ಉಗಿಯಾಗಿಸುತ್ತದೆ. ಶುದ್ಧವಲ್ಲದ ನೀರು ಕೊಳವೆಗಳ ಒಳಮೈಯಲ್ಲಿ ಸುಣ್ಣದಂತಹ ಪೊರೆಯನ್ನು ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬೆಂಕಿಯ ಕಾವು ನೀರಿಗೆ ಇಳಿಯದೆ ಲೋಹದಲ್ಲಿಯೇ ನಿಲ್ಲುತ್ತದೆ. ಲೋಹ ಮೆದುವಾಗಿ ಉಬ್ಬುತ್ತದೆ. ಒಂದು ದಿನ ಬಿರಿಯುತ್ತದೆ. ನೀರಿನ ಮಟ್ಟ ಇಳಿದರೂ ಫಲ ಇದೇ. ಆದುದರಿಂದಲೇ ಹಂಗಾಮು ಮುಗಿದ ಮೇಲೆ ಕೊಳವೆಗಳನ್ನು ಕೆರೆದು, ನೀರಿನ ಒತ್ತಡದಿಂದ ಅವುಗಳ ಬಲವನ್ನು ಪರೀಕ್ಷಿಸಿ, ಸುರಕ್ಷಾ ಕವಾಟಗಳನ್ನು ಸರಿಪಡಿಸುವುದು. ಕಲ್ಕತ್ತೆಯಲ್ಲಿ 1863ರಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತುದರ ಫಲವಾಗಿ 1864ರಲ್ಲಿ ಬಂಗಾಳವು ತಪಾಸಣೆಯ ಕಾಯಿದೆಯನ್ನು ಮಾಡಿತು. 1923ರ ಅಖಿಲ ಭಾರತ ಕಾಯಿದೆ ಬಂದುದು ಆ ಜಾಡಿನಲ್ಲಿಯೇ. ಅದರ ಸ್ಥಾನದಲ್ಲಿ ಈಗ 2025ರ ಹೊಸ ಕಾಯಿದೆಯಿದೆ. ಹೀಗಿರುವಾಗ ಅರಿವಿಗೆ ಕೊರತೆಯಿಲ್ಲ.

ಕೊರತೆಯಿರುವುದು ನಿಲ್ಲಿಸುವ ಧೈರ್ಯಕ್ಕೆ. ಕಡಿದ ಕಬ್ಬು ಕಾದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಕುಗ್ಗುತ್ತವೆ. ಹೊರಗೆ ಟ್ರ್ಯಾಕ್ಟರುಗಳ ಸಾಲು. ಒಳಗೆ ಕಾರ್ಖಾನೆಯ ಸಾಲದ ಬಡ್ಡಿ. ಇಂಥ ಹೊತ್ತಿನಲ್ಲಿ ಒಂದು ಬೇರಿಂಗು ಕಾಯುತ್ತಿದೆ, ಎರಡು ತಾಸು ನಿಲ್ಲಿಸೋಣ ಎನ್ನುವ ಫಿಟ್ಟರನ ಮಾತನ್ನು ಕೇಳುವವರು ಯಾರು? ಆಡಳಿತವು ಅವನನ್ನು ಗದರಿಸುತ್ತದೆ. ಗೇಟಿನ ಹೊರಗೆ ಕಾದ ರೈತನೂ ಗೊಣಗುತ್ತಾನೆ. ದುರಸ್ತಿಯನ್ನು ಮುಂದೂಡುವ ಪಾಪದಲ್ಲಿ ನಾವೆಲ್ಲರೂ ಪಾಲುದಾರರೆಂಬುದನ್ನು ಮರೆಯಲಾಗದು.

ಕಾಯಿದೆಯೇನೋ ಸೂಕ್ಷ್ಮವಾಗಿಯೇ ಯೋಚಿಸಿದೆ. ವಿಷಾನಿಲವಿರಬಹುದಾದ ತೊಟ್ಟಿಗೆ ಇಳಿಯಬೇಕಾದರೆ ಒಳಗಿನ ಗಾಳಿಯ ಪರೀಕ್ಷೆ ನಡೆದಿರಬೇಕು. ಇಲ್ಲವೆ ಇಳಿಯುವವನಿಗೆ ಉಸಿರಾಟದ ಸಾಧನವೂ ಸೊಂಟಕ್ಕೆ ಹಗ್ಗವೂ ಇದ್ದು, ಆ ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮು ವಿಧಿಸಿತ್ತು. ಆ ಹಗ್ಗ ಎಷ್ಟು ಕಡೆ ಹಿಡಿಯಲ್ಪಟ್ಟಿದೆಯೆಂಬುದೇ ಪ್ರಶ್ನೆ. ಹೊಸ ಸಂಹಿತೆಯಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಮೊದಲು ಸಾವಿರ ಕಾರ್ಮಿಕರಿರುವಲ್ಲಿ ಕಡ್ಡಾಯವಾಗಿದ್ದ ಸುರಕ್ಷಾಧಿಕಾರಿಯ ನೇಮಕವು ಈಗ ಐದುನೂರು ಮಂದಿ ಇರುವಲ್ಲಿಯೂ ಕಡ್ಡಾಯ. ಆದರೆ ವಿದ್ಯುತ್ ಬಳಸುವ ಕಡೆ 'ಕಾರ್ಖಾನೆ' ಎನಿಸಲು ಮೊದಲು ಹತ್ತು ಕಾರ್ಮಿಕರು ಸಾಕಾಗಿದ್ದರು. ಈಗ ಇಪ್ಪತ್ತು ಮಂದಿ ಬೇಕು. ಉರುಳೆಗಳ ನಡುವೆ ಕೈಯಿಂದ ಕಬ್ಬನ್ನು ನೂಕುವ ಸಣ್ಣ ಗಾಣದವನು ಆ ಗೆರೆಯಿಂದ ಇನ್ನಷ್ಟು ದೂರ ಸರಿದನು. ಅವನ ಬೆರಳನ್ನು ಕಾಯಿದೆ ಕಾಯದಿದ್ದರೆ ಊರೇ ಕಾಯಬೇಕು.

ಊರು ಕಾಯಬೇಕಾದರೆ ಈ ವಿದ್ಯೆ ಊರಿನ ವಿದ್ಯೆಯಾಗಬೇಕು. ಯಂತ್ರವನ್ನು ನಡೆಸುವುದನ್ನು ಕಲಿಸುವ ನಮ್ಮ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ, ಅದು ಹೇಗೆ ಕೆಡುತ್ತದೆ, ಕೆಡುವ ಮುನ್ನ ಏನನ್ನು ಹೇಳುತ್ತದೆ ಎಂಬುದಕ್ಕೂ ಸಮನಾದ ಗೌರವ ದೊರೆಯಬೇಕು. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೇ ಇರುವಾಗ, ಹಂಗಾಮಿಗೆ ಮುನ್ನ ಗುತ್ತಿಗೆಯ ಕಾರ್ಮಿಕನಿಗೂ ಕನ್ನಡದಲ್ಲಿ ಎರಡು ದಿನದ ಪಾಠ ಅಸಾಧ್ಯವೇನಲ್ಲ. ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿದ್ದು ಅಪಾಯ ಮಾತ್ರ ಕನ್ನಡಿಗನ ಪಾಲಿಗೆ ಬರುವುದು ಯಾವ ನ್ಯಾಯ? ಹೊರನಾಡಿನಿಂದ ಬಂದ ಕೂಲಿಗೆ ಅವನ ಭಾಷೆಯಲ್ಲಿಯೂ ಹೇಳಬೇಕು.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದಾಗಿರಲಿಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತ. ಗುಡಿಯನ್ನು ಕಟ್ಟಿಸಿದವರು ಅದು ಬಿರುಕು ಬಿಡುವುದೆಂದು ಮೊದಲೇ ಬಲ್ಲವರಾಗಿ, ಅದರ ದುರಸ್ತಿಗೂ ಭೂಮಿಯನ್ನು ಬಿಟ್ಟು, ಆ ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕೆರೆಯ ರಕ್ಷಣೆಗೂ ಬಿತ್ತುವಟ್ಟವನ್ನು ಬಿಟ್ಟರು. ಕಟ್ಟುವಾಗಲೇ ಕಾಪಾಡುವುದಕ್ಕೆ ದತ್ತಿಯನ್ನು ತೆಗೆದಿಟ್ಟವರ ವಂಶದವರಾದ ನಾವು, ಕೋಟಿಗಟ್ಟಲೆ ಸುರಿದು ಕಾರ್ಖಾನೆಯನ್ನು ನಿಲ್ಲಿಸಿ, ಅದರ ದುರಸ್ತಿಯ ವೆಚ್ಚವನ್ನು ದಂಡವೆಂದು ಬಗೆಯುತ್ತೇವೆ.

ಸಿಡಿಯದೆ ಉಳಿದ ಬಾಯ್ಲರಿನ ಸುದ್ದಿಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಅದನ್ನು ಮಳೆಗಾಲದಲ್ಲಿ ಒಳಹೊಕ್ಕು ಕೆರೆದವನಿಗೆ ಸನ್ಮಾನವೂ ಇಲ್ಲ. ಆದರೂ ಹಂಗಾಮಿನ ಕೊನೆಯಲ್ಲಿ ಎಲ್ಲರೂ ಮನೆಗೆ ಹಿಂದಿರುಗುವುದು ಅಂಥವನ ಕೆಲಸದಿಂದ. ಮುಂದೆ ಇಂಥ ದುರ್ವಾರ್ತೆಯೊಂದು ಬಂದರೆ, 'ಆಕಸ್ಮಿಕ' ಎಂದು ಬರೆಯುವ ಮುನ್ನ 'ಕಸ್ಮಾತ್' ಎಂದು ಕೇಳೋಣ.